ಹಳೆಯ ವಿಂಡೋಸ್: ಇರಿಸಿಕೊಳ್ಳುವುದೋ, ಬಿಡುವುದೋ?

ಕೆಲಸ ಮಾಡುತ್ತಿರುವ ಯಂತ್ರವನ್ನು ಬದಲಿಸುವುದೇಕೆ? ಹಳೆಯ ಗಣಕಯಂತ್ರ ಇಟ್ಟುಕೊಂಡವರೆಲ್ಲರೂ ಕೇಳುವ ಪ್ರಶ್ನೆಯಿದು. ಪ್ರಶ್ನೆ ಅಸಂಗತವೇನಲ್ಲ. ಮೈಕ್ರೋಸಾಫ್ಟ್ ಸಂಸ್ಥೆಯು 2001ರ ಅಕ್ಟೋಬರ್ 25ರಂದು ಮಾರುಕಟ್ಟೆಗೆ ತಂದ ವಿಂಡೋಸ್ ಎಕ್ಸ್‌ಪಿ ಕಾರ್ಯಾಚರಣಾ ವ್ಯವಸ್ಥೆಗೆ 2014ರ ಏಪ್ರಿಲ್ 8ರಂದೇ ಬೆಂಬಲ ನಿಂತಿದೆ. ಆದರೂ ಅದೇ ಯಂತ್ರದಲ್ಲಿ ಪೇಜ್‌ಮೇಕರ್ ತೆರೆದು ಲಗ್ನಪತ್ರಿಕೆ, ಕರಪತ್ರ ಸಿದ್ಧಪಡಿಸುವ ಡಿಟಿಪಿ ಕೇಂದ್ರಗಳು ರಾಜ್ಯದಲ್ಲಿ ಇಂದಿಗೂ ಅಪರೂಪವಲ್ಲ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲವೂ ಕೊನೆಗೊಂಡ ಬಳಿಕ, ಈ ಪ್ರಶ್ನೆ ಮನೆಮನೆಯ ಗಣಕವನ್ನೂ ತಲುಪಿದೆ.

ಬೆಂಬಲ ನಿಲ್ಲುವುದೆಂದರೇನು?

ಬೆಂಬಲ ನಿಂತ ದಿನ ಯಂತ್ರವೇನೂ ನಿಲ್ಲುವುದಿಲ್ಲ. ಕಡತಗಳು ತೆರೆಯುತ್ತವೆ, ಮುದ್ರಣ ನಡೆಯುತ್ತದೆ. ನಿಲ್ಲುವುದು ಭದ್ರತಾ ತೇಪೆಗಳು ಮಾತ್ರ. ಕಾರ್ಯಾಚರಣಾ ವ್ಯವಸ್ಥೆಯೆಂಬುದು ಕೋಟ್ಯಂತರ ಸಾಲುಗಳ ಸಂಕೇತರಾಶಿ. ಅದರಲ್ಲಿ ಲೋಪಗಳು ಕಾಲಕಾಲಕ್ಕೆ ಬೆಳಕಿಗೆ ಬರುತ್ತಲೇ ಇರುತ್ತವೆ. ಅವುಗಳನ್ನು ಮುಚ್ಚುವ ತೇಪೆಗಳನ್ನು ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೇ ಮಂಗಳವಾರ ಬಿಡುಗಡೆ ಮಾಡುತ್ತದೆ.

ಅಪಾಯ ಇರುವುದು ಇಲ್ಲಿಯೇ. ಹೊಸ ಆವೃತ್ತಿಯಲ್ಲಿ ಹಳೆಯ ಆವೃತ್ತಿಯ ಸಂಕೇತದ ಎಷ್ಟೋ ಭಾಗ ಹಾಗೆಯೇ ಉಳಿದಿರುತ್ತದೆ. ಹೊಸದಕ್ಕೆ ಹಾಕಿದ ತೇಪೆಯನ್ನು ಪರಿಶೀಲಿಸಿದವನಿಗೆ, ಹಳೆಯದರಲ್ಲಿ ತೆರೆದೇ ಇರುವ ಕಂಡಿ ಎಲ್ಲಿದೆ ಎಂಬುದು ತಿಳಿದುಹೋಗುತ್ತದೆ. ಹೀಗಾಗಿ ಬೆಂಬಲವಿಲ್ಲದ ವ್ಯವಸ್ಥೆ ದಿನ ಕಳೆದಂತೆ ಹೆಚ್ಚು ದುರ್ಬಲವಾಗುತ್ತದೆ. ಆಂಟಿವೈರಸ್ ತಂತ್ರಾಂಶವೊಂದೇ ಈ ಕೊರತೆಯನ್ನು ತುಂಬಲಾರದು.

2017ರ ಪಾಠ

2017ರ ಮೇ 12ರಂದು ಹರಡಿದ ವಾನ್ನಕ್ರೈ ಎಂಬ ಸುಲಿಗೆ ತಂತ್ರಾಂಶ ಸುಮಾರು 150 ದೇಶಗಳ ಗಣಕಗಳನ್ನು ಕಾಡಿತು. ಕಡತಗಳಿಗೆ ಬೀಗ ಜಡಿದು, ಬಿಡಿಸಲು 300 ಡಾಲರ್ ಮೌಲ್ಯದ ಬಿಟ್‌ಕಾಯಿನ್ ಕೇಳಿತು. ಬ್ರಿಟನ್ನಿನ ಸಾರ್ವಜನಿಕ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳನ್ನು ಮುಂದೂಡಬೇಕಾಯಿತು. ಪರಿಸ್ಥಿತಿಯ ಗಂಭೀರತೆ ಅರಿತ ಮೈಕ್ರೋಸಾಫ್ಟ್, ಮೂರು ವರ್ಷಗಳ ಹಿಂದೆಯೇ ಕೈಬಿಟ್ಟಿದ್ದ ಎಕ್ಸ್‌ಪಿಗೂ ವಿಶೇಷ ತೇಪೆ ಹೊರತಂದಿತು.

ಇಲ್ಲಿ ಇನ್ನೊಂದು ಅಂಶ ಗಮನಾರ್ಹ. ಅಂದು ಸೋಂಕಿಗೆ ತುತ್ತಾದ ಬಹುಪಾಲು ಗಣಕಗಳಲ್ಲಿ ಇದ್ದದ್ದು ಆಗಿನ್ನೂ ಬೆಂಬಲದಲ್ಲಿದ್ದ ವಿಂಡೋಸ್ 7. ಅದರ ತೇಪೆ ಮಾರ್ಚ್ ತಿಂಗಳಲ್ಲೇ ಲಭ್ಯವಿತ್ತು, ಹಾಕಿಕೊಂಡಿರಲಿಲ್ಲ. ಅಂದರೆ ವ್ಯವಸ್ಥೆಯ ವಯಸ್ಸಿಗಿಂತ ತೇಪೆಯಿಲ್ಲದಿರುವುದೇ ದೊಡ್ಡ ಅಪಾಯ. ಹೊಸ ಗಣಕ ಕೊಂಡು ಅಪ್‌ಡೇಟ್ ಮುಂದೂಡುವವರೂ ಸುರಕ್ಷಿತರಲ್ಲ.

ಭಾರತದ ಎಟಿಎಂಗಳಲ್ಲಿಯೂ ಎಕ್ಸ್‌ಪಿ ಬಹುಕಾಲ ಉಳಿದಿತ್ತು. 2018ರ ಜೂನ್‌ನಲ್ಲಿ ಸುತ್ತೋಲೆ ಹೊರಡಿಸಿದ ರಿಸರ್ವ್ ಬ್ಯಾಂಕ್, ಬೆಂಬಲವಿಲ್ಲದ ವ್ಯವಸ್ಥೆಗಳನ್ನು 2019ರ ಜೂನ್‌ನೊಳಗೆ ಹಂತಹಂತವಾಗಿ ಬದಲಿಸುವಂತೆ ಬ್ಯಾಂಕುಗಳಿಗೆ ಸೂಚಿಸಿತು.

ಕನ್ನಡದ ಕಗ್ಗಂಟು

ಕನ್ನಡಿಗರ ಮಟ್ಟಿಗೆ ಈ ಸಮಸ್ಯೆಗೆ ಬೇರೊಂದು ಮುಖವಿದೆ. ವಿಂಡೋಸ್‌ನಲ್ಲಿ ಯುನಿಕೋಡ್ ಕನ್ನಡಕ್ಕೆ ಮೊದಲು ಎಡೆ ಸಿಕ್ಕಿದ್ದು ಎಕ್ಸ್‌ಪಿಯಲ್ಲಿ. ‘ತುಂಗಾ’ ಅಕ್ಷರಶೈಲಿ ಅದರೊಂದಿಗೇ ಬಂದಿತು. ಆದರೆ ಮುದ್ರಣ ಕ್ಷೇತ್ರ ಆ ದಾರಿ ಹಿಡಿಯಲಿಲ್ಲ. ನುಡಿ, ಬರಹ, ಶ್ರೀಲಿಪಿ ತಂತ್ರಾಂಶಗಳ ಆಸ್ಕಿ ಮಾದರಿಯ ಫಾಂಟ್‌ಗಳಲ್ಲೇ ಕೆಲಸ ಮುಂದುವರಿಯಿತು. ಈ ಫಾಂಟ್‌ಗಳಲ್ಲಿ ರೋಮನ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ಅಕ್ಷರಭಾಗಗಳನ್ನು ಕೂರಿಸಲಾಗಿರುತ್ತದೆ. 2001ರಲ್ಲಿ ಬಂದ 7.0 ಆವೃತ್ತಿಗೇ ಕೊನೆಗೊಂಡ ಪೇಜ್‌ಮೇಕರ್‌ಗೆ ಯುನಿಕೋಡ್ ಕನ್ನಡ ಅರ್ಥವಾಗದು. ಅದರ ಉತ್ತರಾಧಿಕಾರಿಯಾದ ಇನ್‌ಡಿಸೈನ್‌ನಲ್ಲಿ ಭಾರತೀಯ ಲಿಪಿಗಳಿಗೆ ಸಮರ್ಪಕ ಸೌಲಭ್ಯ ದೊರೆತದ್ದು 2012ರ ಸಿಎಸ್6 ಆವೃತ್ತಿಯಲ್ಲಿ. ಅಷ್ಟು ಹೊತ್ತಿಗೆ ಒಂದು ದಶಕದ ಕನ್ನಡ ಕಡತಗಳು ಹಳೆಯ ಮಾದರಿಯಲ್ಲೇ ರಾಶಿಬಿದ್ದಿದ್ದವು.

ಆ ಹಾರ್ಡ್ ಡಿಸ್ಕ್ ಒಂದು ದಿನ ಕೆಟ್ಟರೆ ನಷ್ಟವಾಗುವುದು ಯಂತ್ರ ಮಾತ್ರವಲ್ಲ. ಕಡತದ ಪ್ರತಿ ಬೇರೆಡೆ ಇದ್ದರೂ, ಫಾಂಟ್ ಇಲ್ಲದ ಗಣಕದಲ್ಲಿ ಅದು ಅರ್ಥಹೀನ ರೋಮನ್ ಅಕ್ಷರಗಳ ಸಾಲಾಗಿ ಕಾಣಿಸುತ್ತದೆ. ತಂತ್ರಾಂಶವೇ ಇಲ್ಲದಿದ್ದರೆ ತೆರೆಯುವುದೂ ಇಲ್ಲ. ಪುಸ್ತಕಗಳ ಪುಟವಿನ್ಯಾಸ, ಸಂಘಸಂಸ್ಥೆಗಳ ಸ್ಮರಣಸಂಚಿಕೆ, ಸಣ್ಣ ಪತ್ರಿಕೆಗಳ ಹಳೆಯ ಸಂಚಿಕೆ ಎಲ್ಲವೂ ಈ ಸಾಲಿಗೆ ಸೇರುತ್ತವೆ. ಆದ್ದರಿಂದ ಹಳೆಯ ಯಂತ್ರವನ್ನು ತೆಗೆದುಹಾಕುವ ಮೊದಲು ಕಡತಗಳನ್ನು ಪಿಡಿಎಫ್ ರೂಪದಲ್ಲಿ ಉಳಿಸಿಕೊಳ್ಳಬೇಕು. ಪಠ್ಯವನ್ನು ಪರಿವರ್ತಕ ತಂತ್ರಾಂಶದ ನೆರವಿನಿಂದ ಯುನಿಕೋಡ್‌ಗೆ ತಂದು, ಒತ್ತಕ್ಷರ ಹಾಗೂ ಅರ್ಕಾವತ್ತುಗಳು ಸರಿಯಾಗಿವೆಯೇ ಎಂದು ಒಮ್ಮೆ ಓದಿ ನೋಡಬೇಕು.

ಯಾವಾಗ ಇರಿಸಿಕೊಳ್ಳಬಹುದು?

ಹಳೆಯ ವ್ಯವಸ್ಥೆಯನ್ನು ಉಳಿಸಿಕೊಳ್ಳಲೇಬೇಕಾದ ಸಂದರ್ಭಗಳುಂಟು. ಹಳೆಯ ಮುದ್ರಣಯಂತ್ರ, ಪ್ರಯೋಗಾಲಯದ ಉಪಕರಣ ಅಥವಾ ಕಾರ್ಖಾನೆಯ ಯಂತ್ರಕ್ಕೆ ಹೊಸ ವಿಂಡೋಸ್‌ಗೆ ಹೊಂದುವ ಚಾಲಕ ತಂತ್ರಾಂಶ ಸಿಗದಿರಬಹುದು. ಅಂತಹ ಗಣಕವನ್ನು ಅಂತರ್ಜಾಲದಿಂದಲೂ ಕಚೇರಿಯ ಇತರ ಗಣಕಗಳ ಜಾಲದಿಂದಲೂ ಬೇರ್ಪಡಿಸಿ, ಆ ಒಂದೇ ಕೆಲಸಕ್ಕೆ ಮೀಸಲಿಡಬೇಕು. ಪೆನ್ ಡ್ರೈವ್‌ನ್ನು ಹೊಸ ಗಣಕದಲ್ಲಿ ಪರೀಕ್ಷಿಸಿಯೇ ಬಳಸಬೇಕು. ಹೊಸ ಗಣಕದೊಳಗೇ ಹಳೆಯ ವಿಂಡೋಸ್‌ನ್ನು ವರ್ಚುವಲ್ ಯಂತ್ರವಾಗಿ ನಡೆಸುವುದು ಇನ್ನೊಂದು ದಾರಿ. ಅದಕ್ಕೂ ಅಂತರ್ಜಾಲ ಸಂಪರ್ಕ ಕೊಡಬಾರದು.

ನೆಟ್ ಬ್ಯಾಂಕಿಂಗ್, ಇ-ಮೇಲ್, ತೆರಿಗೆ ವಿವರ ಸಲ್ಲಿಕೆ ಮುಂತಾದವನ್ನು ಇಂತಹ ಯಂತ್ರದಲ್ಲಿ ನಡೆಸುವುದು ಸಲ್ಲದು. ಕ್ರೋಮ್ ಬ್ರೌಸರ್ 2016ರಲ್ಲಿಯೂ ಫೈರ್‌ಫಾಕ್ಸ್ 2018ರಲ್ಲಿಯೂ ಎಕ್ಸ್‌ಪಿಯನ್ನು ಕೈಬಿಟ್ಟಿವೆ.

ವಿಂಡೋಸ್ 10 ಬಳಕೆದಾರರ ಮುಂದಿನ ದಾರಿ

ವಿಂಡೋಸ್ 10ರ ಗೃಹಬಳಕೆದಾರರಿಗಾಗಿ 2026ರ ಅಕ್ಟೋಬರ್ 13ರವರೆಗೆ ವಿಸ್ತರಿತ ಭದ್ರತಾ ತೇಪೆಗಳ ಯೋಜನೆಯನ್ನು ಮೈಕ್ರೋಸಾಫ್ಟ್ ಪ್ರಕಟಿಸಿತು. ಅದಕ್ಕೆ ನೋಂದಾಯಿಸಿಕೊಳ್ಳುವುದು ಅಗತ್ಯ. ಇದು ಸಿದ್ಧತೆಗೆ ದೊರೆತ ಕಾಲಾವಕಾಶವೇ ಹೊರತು ಶಾಶ್ವತ ಪರಿಹಾರವಲ್ಲ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಘಟಕ ಹಾಗೂ ಅನುಮೋದಿತ ಪ್ರೊಸೆಸರ್ ಬೇಕು. ಹೀಗಾಗಿ ಸುಸ್ಥಿತಿಯಲ್ಲಿರುವ ಎಷ್ಟೋ ಗಣಕಗಳು ಅದಕ್ಕೆ ಅನರ್ಹ. ಅಂತಹವುಗಳಿಗೆ ಉಬುಂಟು, ಲಿನಕ್ಸ್ ಮಿಂಟ್ ಮುಂತಾದ ಉಚಿತ ವ್ಯವಸ್ಥೆಗಳಿವೆ. ಬ್ರೌಸಿಂಗ್, ಪತ್ರವ್ಯವಹಾರ, ಯುನಿಕೋಡ್ ಕನ್ನಡ ಬರವಣಿಗೆಗೆ ಅವು ಸಾಕು. ವಿಂಡೋಸ್‌ಗೆಂದೇ ರೂಪಿಸಿದ ತಂತ್ರಾಂಶಗಳು ಮಾತ್ರ ಅವುಗಳಲ್ಲಿ ನೇರವಾಗಿ ನಡೆಯುವುದಿಲ್ಲ.

ನಿರ್ಧಾರಕ್ಕೆ ಮುನ್ನ ಮೂರು ಪ್ರಶ್ನೆ ಕೇಳಿಕೊಂಡರೆ ಸಾಕು. ಈ ಗಣಕ ಅಂತರ್ಜಾಲಕ್ಕೆ ಹೋಗುತ್ತದೆಯೇ? ಅದಕ್ಕೆ ತೇಪೆ ಬರುತ್ತಿದೆಯೇ? ನಾಳೆ ಅದು ಕೆಟ್ಟರೆ ಕಡತಗಳು ಬೇರೆಡೆ ಓದಲು ಸಿಗುತ್ತವೆಯೇ? ಮೊದಲ ಪ್ರಶ್ನೆಗೆ ‘ಹೌದು’ ಹಾಗೂ ಎರಡನೆಯದಕ್ಕೆ ‘ಇಲ್ಲ’ ಎಂಬ ಉತ್ತರ ಬಂದರೆ ಸಂಪರ್ಕವನ್ನು ಇಂದೇ ಕಡಿದುಹಾಕುವುದು ಲೇಸು. ಮೂರನೆಯದಕ್ಕೆ ‘ಇಲ್ಲ’ ಎಂಬ ಉತ್ತರವಿದ್ದರೆ, ಯಂತ್ರ ಬದಲಿಸುವ ಯೋಚನೆಗಿಂತ ಮೊದಲು ಕಡತಗಳನ್ನು ಉಳಿಸುವ ಕೆಲಸ ಆಗಬೇಕು.