ಫರಸಿ ನೆಲದ ಸಾಲಿಗಳು

ವಾಡಿ ಜಂಕ್ಷನ್ನಿನಲ್ಲಿ ಇಳಿಯುವವರಲ್ಲಿ ಬಹಳಷ್ಟು ಮಂದಿ ಊರಿನ ಮುಖ ನೋಡುವುದಿಲ್ಲ. ಚಹಾ ಕುಡಿದು, ಪ್ಲಾಟ್‌ಫಾರ್ಮ್ ಬದಲಿಸಿ, ಮುಂದಿನ ಗಾಡಿ ಹತ್ತಿಬಿಡುತ್ತಾರೆ. ಒಂದು ಹಳಿ ಕಲಬುರಗಿ ದಾಟಿ ಸೊಲ್ಲಾಪುರಕ್ಕೆ, ಇನ್ನೊಂದು ರಾಯಚೂರಿಗೆ, ಮೂರನೆಯದು ಚಿತ್ತಾಪುರ, ಸೇಡಂ, ತಾಂಡೂರು ಹಾಯ್ದು ಸಿಕಂದರಾಬಾದಿಗೆ. ಮುಂಬೈ–ಮದ್ರಾಸ್ ಮಾರ್ಗ ರಾಯಚೂರಿನಲ್ಲಿ ಕೂಡಿಕೊಂಡದ್ದು 1871ರಲ್ಲಿ. ಮೂರು ವರ್ಷಕ್ಕೆ, 1874ರಲ್ಲಿ, ನಿಜಾಮರ ರೈಲು ವಾಡಿಯಿಂದ ಹೊರಟಿತು. ಅದಾಗಿ ಸುಮಾರು ನೂರು ವರ್ಷದ ಹೊತ್ತಿಗೆ, 1968ರಲ್ಲಿ, ಎಸಿಸಿಯ ಸಿಮೆಂಟ್ ಕಾರ್ಖಾನೆ ಬಂತು. ವಾಡಿಯ ಹೆಸರಿನ ಮುಂದೆ ಒಂದು ಕಡೆ ಜಂಕ್ಷನ್, ಇನ್ನೊಂದು ಕಡೆ ಸಿಮೆಂಟ್ ಅಂಟಿಕೊಂಡು ಊರು ಬೆಳೆಯಿತು.

ಇಂಥ ಊರಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಒಂದು ವಿಚಿತ್ರ ತೊಡಕು. ಅಪ್ಪ ರೈಲ್ವೆಯವನು, ಇಲ್ಲವೇ ಫ್ಯಾಕ್ಟರಿಯವನು. ಅವನ ಮೂಲ ಎಲ್ಲೋ ಆಂಧ್ರದ, ಮಹಾರಾಷ್ಟ್ರದ, ಕೇರಳದ ಒಂದು ಹಳ್ಳಿ. ನಿವೃತ್ತಿಯಾಯಿತೆಂದರೆ ಕ್ವಾರ್ಟರ್ಸಿನ ಕೀಲಿ ಒಪ್ಪಿಸಿ ಹೊರಡಬೇಕು. ಮಕ್ಕಳು ಹತ್ತಾರು ವರ್ಷದ ಮೇಲೆ ತಿರುಗಿ ಬಂದರೆ ಇಳಿದುಕೊಳ್ಳಲು ಅಜ್ಜಿ ಮನೆಯಿಲ್ಲ, ನೋಡಿಬರಲು ಹೊಲವಿಲ್ಲ, ತಾವಿದ್ದ ಮನೆಯಲ್ಲಿ ಬೇರೆ ಯಾರೋ ಇರುತ್ತಾರೆ. ಹೋಗಿ ನಿಲ್ಲಬಹುದಾದ ಜಾಗ ಅಂದರೆ ಸಾಲಿ ಒಂದೇ. ಹಳೆ ವಿದ್ಯಾರ್ಥಿಗಳ ಬಳಗ ಎಂಬುದು ಬೇರೆ ಊರುಗಳಲ್ಲಿ ವರ್ಷಕ್ಕೊಮ್ಮೆಯ ಊಟದ ನೆಪವಾಗಿರಬಹುದು. ವಾಡಿ, ಶಹಾಬಾದಿನ ಕಾಲೊನಿ ಮಕ್ಕಳಿಗೆ ಅದು ಊರಿನ ಬದಲಿಗೆ ಇರುವ ಊರು. ‘ಯಾವ ಊರ್ರೀ ನಿಮ್ದು?’ ಎಂದರೆ ತಡವರಿಸುವವರು, ‘ಎಷ್ಟನೇ ಬ್ಯಾಚ್?’ ಎಂದರೆ ಥಟ್ಟನೆ ಹೇಳುತ್ತಾರೆ.

ಶಹಾಬಾದಿನ ಕತೆ ಇದಕ್ಕಿಂತ ಹಳೆಯದು, ಹೆಚ್ಚು ನೋವಿನದೂ ಹೌದು. ಭೀಮಾ ಸೀಮೆಯ ಈ ನೆಲದಡಿ ಸುಣ್ಣಕಲ್ಲು ಪದರು ಪದರಾಗಿ ಹಾಸಿಕೊಂಡಿದೆ. ಖಣಿಯಲ್ಲಿ ಉಳಿ ಇಟ್ಟು ಹದವಾಗಿ ಬಡಿದರೆ ಹಲಗೆಯಂಥ ಚಪ್ಪಡಿ ಏಳುತ್ತದೆ. ನಾವು ಫರಸಿ ಅನ್ನುವ, ದಖನ್ನಿನ ತುಂಬ ಶಹಾಬಾದಿ ಕಲ್ಲು ಎಂದು ಹೆಸರಾದ ಬೂದು ಬಣ್ಣದ ಹಾಸುಗಲ್ಲು ಇದು. ಇದೇ ಕಲ್ಲನ್ನು ಅರೆದು ಸುಟ್ಟರೆ ಸಿಮೆಂಟು. ಶಹಾಬಾದ್ ಸಿಮೆಂಟ್ ಕಂಪನಿಯ ಗೂಡು ಹೊತ್ತಿದ್ದು 1925ರ ಸುಮಾರಿಗೆ. 1936ರಲ್ಲಿ ಹಲವು ಕಂಪನಿಗಳು ಕೂಡಿ ಎಸಿಸಿ ಆದಾಗ ಅದೂ ಅದರೊಳಗೆ ಸೇರಿತು. ಪಕ್ಕದಲ್ಲೇ ಬಾಯ್ಲರಿನಂಥ ಭಾರೀ ಯಂತ್ರಗಳ ಕಾರ್ಖಾನೆಯೂ ಎದ್ದಿತು. ವೆಲ್ಡರು, ಫಿಟ್ಟರು, ಡ್ರಾಫ್ಟ್ಸ್‌ಮನ್ನರು ತುಂಬಿದ ಊರು. ಆಸ್ಪತ್ರೆ, ಕ್ಲಬ್ಬು, ಆಟದ ಮೈದಾನ, ಶಾಲೆ ಎಲ್ಲ ಕಾಲೊನಿಯೊಳಗೇ. ಭೋಂಗಾ ಕೂಗಿದಾಗ ಪಾಳಿ ಬದಲು. ಅದೇ ಭೋಂಗಾ ಕೇಳಿ ತಾಯಂದಿರು ಮಕ್ಕಳ ತಲೆ ಬಾಚಿ ಸಾಲಿಗೆ ಅಟ್ಟುತ್ತಿದ್ದರು.

ಆಮೇಲೆ ಒಡೆತನ ಕೈ ಬದಲಾಯಿತು, ಗೂಡುಗಳು ಆರಿದವು, ಕಾಲೊನಿಗಳು ಖಾಲಿಯಾದವು. 2018ರಲ್ಲಿ ಶಹಾಬಾದ್ ತಾಲೂಕಾಯಿತೆಂದು ಬೋರ್ಡು ಬಂದರೂ, ಊರಿನ ಹಿರಿಯರು ಲೆಕ್ಕ ಹಾಕುವುದು ಇಂದಿಗೂ ‘ಫ್ಯಾಕ್ಟರಿ ಇದ್ದಾಗ’, ‘ಫ್ಯಾಕ್ಟರಿ ಬಂದ್ ಆದಮ್ಯಾಲೆ’ ಎಂದೇ. ಪುಣೆ, ಹೈದರಾಬಾದು, ಬೆಂಗಳೂರು, ಕೊಲ್ಲಿ ದೇಶಗಳಿಗೆ ಚದುರಿದ ಅಲ್ಲಿಯ ವಿದ್ಯಾರ್ಥಿಗಳು ಮೊಬೈಲಿನ ಗುಂಪುಗಳಲ್ಲಿ ಹಂಚಿಕೊಳ್ಳುವ ಫೋಟೊ ಗಮನಿಸಿ: ಮೊದಲ ಸಾಲಿನಲ್ಲಿ ಕುರ್ಚಿಯ ಮೇಲೆ ಮಾಸ್ತರರು, ಹಿಂದೆ ಮೂರು ಸಾಲು ಹುಡುಗರು, ಇನ್ನೂ ಹಿಂದೆ, ಕಟ್ಟಡದಾಚೆ, ಚಿಮಣಿ. ಹುಡುಗರ ಹೆಸರು ಗುರುತಿಸಿ ಬರೆಯುವಾಗ ಯಾರಾದರೂ ಚಿಮಣಿಯ ಬಗ್ಗೆಯೂ ಒಂದು ಮಾತು ಸೇರಿಸುತ್ತಾರೆ. ಕಾರ್ಖಾನೆಯ ಇತಿಹಾಸ ಕಂಪನಿಯ ವಾರ್ಷಿಕ ವರದಿಗಳಲ್ಲಿ ಟನ್ನುಗಳ ಲೆಕ್ಕದಲ್ಲಿ ಇದ್ದೀತು. ಯಾವ ಪಾಳಿಯಲ್ಲಿ ಯಾರ ಅಪ್ಪ ಇದ್ದ, ಗಣೇಶನ ಹಬ್ಬಕ್ಕೆ ಕಾಲೊನಿಯಲ್ಲಿ ಯಾವ ನಾಟಕ ಆಡಿದರು, ಯಾವ ಮಾಸ್ತರರು ಕೆಂಪು ಶಾಯಿಯಲ್ಲಿ ಬೈಗುಳ ಬರೆಯುತ್ತಿದ್ದರು ಎಂಬುದು ಈ ಗುಂಪುಗಳಲ್ಲಿ ಮಾತ್ರ ಉಳಿದಿದೆ.

ಆ ಹಳೆಯ ಶಾಲೆಗಳ ನೆಲವೂ ಫರಸಿಯದೇ. ಬೆಂಚು ಬರುವ ಮುಂಚೆ ಒಬ್ಬೊಬ್ಬನಿಗೆ ಒಂದೊಂದು ಕಲ್ಲು. ಗೆರೆ ದಾಟಿ ಕೂತರೆ ಜಗಳ. ಏಪ್ರಿಲ್‌ನಲ್ಲಿ, ಹೊರಗೆ ನಲವತ್ತೆರಡು–ನಲವತ್ಮೂರು ಡಿಗ್ರಿ ಸುಡುವಾಗ, ಬೆಳಗಿನ ಸಾಲಿ ಬಿಡುವ ಹೊತ್ತಿಗೂ ಆ ಕಲ್ಲು ತಣ್ಣಗೆ ಇರುತ್ತಿತ್ತು. ಬಳಪದಲ್ಲಿ ಅದರ ಮೇಲೇ ಲೆಕ್ಕ ಬಿಡಿಸಿ ಅಂಗೈಯಿಂದ ಒರೆಸಿಬಿಡಬಹುದು. ಈಗ ಅಂಥ ಕೋಣೆಗಳಿಗೆ ಟೈಲ್ಸ್ ಹಾಕಿಸಿಕೊಡುವುದೇ ಹಳೆ ವಿದ್ಯಾರ್ಥಿಗಳ ದೊಡ್ಡ ಕೊಡುಗೆ ಎಂದಾಗಿದೆ. ಫರಸಿಯ ಊರಲ್ಲಿ ಫರಸಿ ಕಿತ್ತು ಹೊರಗಿನ ಟೈಲ್ಸ್ ಕೂರಿಸುವುದಕ್ಕೆ ಚಂದಾ ಎತ್ತುವುದು ನನಗಂತೂ ಹಿಡಿಸುವುದಿಲ್ಲ. ಆದರೆ ನಾನು ಆ ನೆಲದ ಮೇಲೆ ದಿನವೂ ಕಸ ಗುಡಿಸುವವನಲ್ಲ.

ಚಿತ್ತಾಪುರಕ್ಕೆ ಬಂದರೆ ಸಾಲಿಯ ಚರಿತ್ರೆ ಒಮ್ಮೆಲೆ ಒಂಬೈನೂರು ವರ್ಷ ಹಿಂದಕ್ಕೆ ಜಿಗಿಯುತ್ತದೆ. ಊರಿಗೆ ಹೊಂದಿಕೊಂಡ ನಾಗಾವಿಯಲ್ಲಿ ಚಾಲುಕ್ಯರ ಕಾಲದ ಘಟಿಕಾಸ್ಥಾನವಿತ್ತು. 1058ರ ಶಾಸನ ಅದರ ವ್ಯವಸ್ಥೆಯನ್ನು ವಿವರವಾಗಿ ಹೇಳುತ್ತದೆ: ವೇದ ಓದುವ 200 ವಿದ್ಯಾರ್ಥಿಗಳು, ಶಾಸ್ತ್ರ ಓದುವವರು ಐವತ್ತರ ಮೇಲೆ, ಪಾಠ ಹೇಳುವವರು ವೇದಕ್ಕೆ ಮೂವರು, ಶಾಸ್ತ್ರಕ್ಕೆ ಮೂವರು. ಪುಸ್ತಕ ನೋಡಿಕೊಳ್ಳುವ ಸರಸ್ವತೀ ಭಂಡಾರಿಗರು ಆರು ಮಂದಿ. ಕಲಿಸುವವರು ಆರು, ಪುಸ್ತಕಕ್ಕೂ ಆರು! ಇವತ್ತಿನ ಸರ್ಕಾರಿ ಪ್ರೌಢಶಾಲೆಗಳಲ್ಲಿ ಪುಸ್ತಕದ ಕಪಾಟಿನ ಕೀಲಿ ಬಹುಮಟ್ಟಿಗೆ ಯಾವುದೋ ಶಿಕ್ಷಕರ ಜೇಬಿನಲ್ಲೇ ಇರುವುದನ್ನು ಕಂಡವರು ಈ ಲೆಕ್ಕವನ್ನು ಎರಡು ಸಲ ಓದುತ್ತಾರೆ. ನಾಗಾವಿಯ ಶಾಸನಗಳು ಹೈದರಾಬಾದ್ ಪುರಾತತ್ವ ಇಲಾಖೆಯ ಮಾಲೆಯಲ್ಲಿ 1928ರಲ್ಲಿ ಅಚ್ಚಾದವು. ಅರವತ್ತು ಕಂಬದ ಗುಡಿ ನೋಡಲು ಜನ ಬರುತ್ತಾರೆ. ಅದಕ್ಕಿಂತ ಹೆಚ್ಚಿನ ಜನ ಬರುವುದು ಯಲ್ಲಮ್ಮನ ಜಾತ್ರೆಗೆ. ಚಿತ್ತಾಪುರದಲ್ಲಿ ಶಾಲೆ ಕಲಿತವರು ಭಾಷಣಕ್ಕೆ ನಿಂತರೆ ನಾಗಾವಿಯ ಹೆಸರು ತಪ್ಪದೆ ಬರುತ್ತದೆ. ಬರಲಿ. ಆ ಭಂಡಾರಿಗರಲ್ಲಿ ಒಬ್ಬರನ್ನಾದರೂ ಈಗಿನ ಶಾಲೆಗೆ ನೇಮಿಸಿ ಸಂಬಳ ಕೊಡುವ ಬಳಗ ಹುಟ್ಟಿದರೆ ಇನ್ನೂ ಚೆನ್ನ.

ಸೇಡಮ್ಮಿನ ರೈಲು ನಿಲ್ದಾಣದ ಫಲಕ ‘ಸೇರಂ’ ಎಂದೇ ಉಳಿದಂತೆ, ಈ ಸೀಮೆಯ ಹಳೆಯ ಸಾಲಿಗಳ ಕಾಗದಪತ್ರಗಳಲ್ಲೂ ನಿಜಾಮರ ಕಾಲ ಉಳಿದಿದೆ. ಆಗ ಸರ್ಕಾರಿ ಶಾಲೆಗಳು ತಹತಾನಿಯಾ, ವಸ್ತಾನಿಯಾ, ಫೌಖಾನಿಯಾ ಎಂದು ಮೂರು ಮೆಟ್ಟಿಲಿನವು. ಹಳ್ಳಿಯ ಹುಡುಗ ಮೊದಲನೆಯದನ್ನು ಹೇಗೋ ಹತ್ತುತ್ತಿದ್ದ. ಮೂರನೆಯದು, ಅಂದರೆ ಹೈಸ್ಕೂಲು, ಬಹುತೇಕ ಕಲಬುರಗಿಯ ಮಾತು. ಪಾಠವೂ ಉರ್ದುವಿನಲ್ಲಿ. ಕನ್ನಡಕ್ಕೆ ಆಸರೆಯಾದವು ಖಾಸಗಿ ಶಾಲೆಗಳು. ಕಲಬುರಗಿಯ ನೂತನ ವಿದ್ಯಾಲಯ 1907ರಲ್ಲಿ ಶುರುವಾದದ್ದು. ಮಲ್ಲಿಕಾರ್ಜುನ ಖರ್ಗೆ ಅಲ್ಲಿಯ ಹಳೆ ವಿದ್ಯಾರ್ಥಿ. 1948ರ ಸೆಪ್ಟೆಂಬರಿನ ಪೊಲೀಸ್ ಆಕ್ಷನ್ ಆದ ಮೇಲೆ, ಆಮೇಲೆ 1956ರ ಏಕೀಕರಣದ ಬಳಿಕ, ತಾಲೂಕಿಗೊಂದು ಕನ್ನಡ ಹೈಸ್ಕೂಲು ಎಂಬುದು ಕನಸಿನಿಂದ ಇಳಿದು ಗೋಡೆ ಗಿಲಾವು ಕಂಡಿತು. ಅದೇ 1956ರಲ್ಲಿ ತಾಂಡೂರು, ಕೊಡಂಗಲ್ ಆಚೆ ರಾಜ್ಯಕ್ಕೆ ಹೋದವು. ಸೇಡಮ್ಮಿನ ಹಿರಿಯರ ಸಹಪಾಠಿಗಳಲ್ಲಿ ಕೆಲವರು ರಾತ್ರಿ ಬೆಳಗಾಗುವುದರಲ್ಲಿ ಹೊರ ರಾಜ್ಯದವರಾದರು. ಸಂತೆ, ಬೀಗತನ ಏನೂ ನಿಲ್ಲಲಿಲ್ಲ. ಹಳೆ ವಿದ್ಯಾರ್ಥಿಗಳು ಸೇರಿದಾಗ ಈಗಲೂ ತೆಲುಗು ಕಿವಿಗೆ ಬೀಳುತ್ತದೆ.

ಆ ಕಾಲದ ದಾಖಲಾತಿ ಪುಸ್ತಕ ಎಲ್ಲಿಯಾದರೂ ಉಳಿದಿದ್ದರೆ ಅಕ್ಷರ ಉರ್ದು, ತಾರೀಖು ನಿಜಾಮರ ಸರ್ಕಾರಿ ಕಾಲಗಣನೆಯಾದ ಫಸಲಿಯದು. ವರ್ಷ ಅಕ್ಟೋಬರಿನಲ್ಲಿ, ಆಜುರ್ ತಿಂಗಳಿಂದ ಶುರು. ಆಜುರಿನಿಂದ ಡಿಸೆಂಬರ್ ಮುಗಿಯುವ ತನಕ ಫಸಲಿಗೆ 590 ಕೂಡಬೇಕು, ಜನವರಿಯಿಂದಾಚೆ 591. ಹಾಗೆ 1350 ಫಸಲಿ ಎಂದರೆ 1940ರ ಅಕ್ಟೋಬರಿನಿಂದ 1941ರ ಅಕ್ಟೋಬರಿನವರೆಗೆ. ಪಿಂಚಣಿಗೋ ಜಮೀನಿನ ತಕರಾರಿಗೋ ಅಜ್ಜನ ಜನ್ಮದಿನಾಂಕ ಬೇಕಾದವರು ಉರ್ದು ಬಲ್ಲ ನಿವೃತ್ತ ಮಾಸ್ತರರನ್ನು ಹುಡುಕಿಕೊಂಡು ಹೋಗುವುದುಂಟು. ಅವರೂ ಒಬ್ಬೊಬ್ಬರಾಗಿ ಕಡಿಮೆಯಾಗುತ್ತಿದ್ದಾರೆ. ಹಳೆ ವಿದ್ಯಾರ್ಥಿ ಸಂಘಗಳು ವೇದಿಕೆಯ ಫ್ಲೆಕ್ಸಿಗೆ ಕೊಡುವ ದುಡ್ಡಿನಲ್ಲಿ ಒಂದು ಪಾಲನ್ನು ಈ ಪುಸ್ತಕಗಳ ಪುಟ ಪುಟ ಫೋಟೊ ತೆಗೆಸಿ ಕನ್ನಡಕ್ಕೆ ಇಳಿಸಲು ಖರ್ಚು ಮಾಡಿದರೆ, ಊರ ಚರಿತ್ರೆಗೆ ಇದಕ್ಕಿಂತ ಗಟ್ಟಿ ಆಕರ ಸಿಗಲಾರದು. ಯಾವ ಹಳ್ಳಿಯಿಂದ, ಯಾವ ಜಾತಿಯಿಂದ, ಯಾವ ವರ್ಷ ಮೊದಲ ಹುಡುಗಿ ಸಾಲಿಗೆ ಬಂದಳು ಎಂಬುದೆಲ್ಲ ಅದರಲ್ಲಿದೆ. ಆಮೇಲಿನ ಪುಸ್ತಕಗಳಲ್ಲಿ ಹುಟ್ಟಿದ ದಿನಕ್ಕೆ ಜೂನ್ 1ರದೇ ರಾಜ್ಯಭಾರ. ಹೆಡ್‌ಮಾಸ್ತರರು ಅಂದಾಜಿಗೆ ಬರೆದುಕೊಂಡ ತಾರೀಖು ಅದು. ಆ ದಿನ ಬಳಗದ ಗುಂಪಿನಲ್ಲಿ ಒಂದು ಹಿಂಡು ಜನರಿಗೆ ಒಟ್ಟಿಗೇ ಹುಟ್ಟುಹಬ್ಬದ ಶುಭಾಶಯ.

ಸೇಡಮ್ಮಿನಲ್ಲಿ ಶಿಕ್ಷಣ ಸಂಸ್ಥೆಯೇ ಒಂದು ಚಳವಳಿಯಂತೆ ಬೆಳೆದದ್ದೂ ಇದೆ. ಬಸವರಾಜ ಪಾಟೀಲ ಸೇಡಂ ಅವರ ಜೊತೆ ಹೆಸರು ಕೂಡಿಕೊಂಡಿರುವ ಕೊತ್ತಲ ಬಸವೇಶ್ವರ ಭಾರತೀಯ ಶಿಕ್ಷಣ ಸಮಿತಿ ತನ್ನ ಐವತ್ತನೇ ವರ್ಷವನ್ನು 2025ರ ಜನವರಿ–ಫೆಬ್ರವರಿಯಲ್ಲಿ ಭಾರತೀಯ ಸಂಸ್ಕೃತಿ ಉತ್ಸವದ ಮೂಲಕ ಆಚರಿಸಿತು. ಆದರೆ ಸರ್ಕಾರಿ ಹೈಸ್ಕೂಲಿನ ಹಳಬರಿಗೆ ಹಿಂದೆ ನಿಲ್ಲುವ ಮಠವಾಗಲಿ ಸಮಿತಿಯಾಗಲಿ ಇರುವುದಿಲ್ಲ. ಅವರ ಜಂಬ ಅವರೇ ಹೊರಬೇಕು. ಚಿಂಚೋಳಿಯವರಿಗೆ ಆ ಮಟ್ಟಿಗೆ ಕಷ್ಟವಿಲ್ಲ. ರಾಜ್ಯಕ್ಕೆ ಎರಡು ಸಲ ಮುಖ್ಯಮಂತ್ರಿಯಾದ ವೀರೇಂದ್ರ ಪಾಟೀಲರು ಚಿಂಚೋಳಿಯವರು ಎಂದರೆ ಸಾಕು, ವಾಡಿ, ಶಹಾಬಾದ್, ಚಿತ್ತಾಪುರ, ಸೇಡಂ ನಾಲ್ಕೂ ಊರಿನವರು ಸುಮ್ಮನಾಗಬೇಕು. ಅಡವಿ, ತಾಂಡಾ, ಚಂದ್ರಂಪಳ್ಳಿಯ ನೀರು ಇರುವ ಆ ತಾಲೂಕಿನಲ್ಲಿ ಹಾಸ್ಟೆಲಿನಲ್ಲಿದ್ದು ಓದಿದವರು ಹೆಚ್ಚು. ಅವರು ಕೂಡಿದಾಗ ಶಾಲೆಗಿಂತ ಹಾಸ್ಟೆಲಿನ ರೊಟ್ಟಿ–ಬೇಳೆಯ ಮಾತೇ ಜೋರು. ಶಹಾಬಾದಿನವರಿಗೂ ತಮ್ಮದೇ ಉತ್ತರವಿದೆ: ‘ವ್ಯೋಮಾವ್ಯೋಮ’ ಕಾವ್ಯದ ಕವಿ ಚೆನ್ನಣ್ಣ ವಾಲೀಕಾರರು ಪಕ್ಕದ ಶಂಕರವಾಡಿಯವರು.

ಈ ಬಳಗಗಳ ಗುರುವಂದನೆ ಸಾಮಾನ್ಯವಾಗಿ ಡಿಸೆಂಬರಿನ ಒಂದು ಭಾನುವಾರ, ಬಿಸಿಲು ಹದವಾಗಿರುವಾಗ. ತೊಗರಿ ರಾಶಿಗೆ ಮುಂಚೆ ಅಥವಾ ನಡುವೆ. ಬೆಳಿಗ್ಗೆ ಸುಸಲಾ, ಮಿರ್ಚಿ ಭಜಿ. ಆಮೇಲೆ ಹಳೆಯ ಪ್ರಾರ್ಥನೆ. ಎರಡನೇ ಚರಣಕ್ಕೆ ಅರ್ಧ ಜನ ಬರೀ ತುಟಿ ಆಡಿಸುತ್ತಾರೆ. ಎಂಬತ್ತರ ಆಚೆಯ ಮಾಸ್ತರರೊಬ್ಬರು ಹಾಜರಿ ಕರೆಯುತ್ತಾರೆ, ಬೋಳುತಲೆಯ ಇಂಜಿನಿಯರೂ ಕಿರಾಣಿ ಅಂಗಡಿಯವನೂ ಎದ್ದು ನಿಂತು ‘ಹಾಜರ್’ ಅನ್ನುತ್ತಾರೆ. ಹೆಣ್ಣುಮಕ್ಕಳ ಸಾಲಿನಲ್ಲಿ ಮಾತ್ರ ಬಹಳ ಹೆಸರಿಗೆ ಉತ್ತರವಿಲ್ಲ. ಮದುವೆಯಾಗಿ ಎಲ್ಲಿಗೆ ಹೋದರು, ಹೆಸರು ಏನಾಯಿತು, ನಂಬರು ಯಾರ ಬಳಿಯೂ ಇಲ್ಲ. ಸಂಘದ ಪದಾಧಿಕಾರಿಗಳ ಪಟ್ಟಿ ಓದಿದರೂ ಅದೇ ಕೊರತೆ. ಶಾಲು, ಹಾರ, ಬೆಳ್ಳಿ ತಟ್ಟೆ, ರಾಜಕಾರಣಿಯ ತಡವಾದ ಆಗಮನ, ಇವು ಎಲ್ಲ ಕಡೆ ಇರುವಂತೆ ಇಲ್ಲೂ ಇವೆ. ಶಿಕ್ಷಣ ಇಲಾಖೆಯ ‘ನಮ್ಮ ಶಾಲೆ ನಮ್ಮ ಜವಾಬ್ದಾರಿ’ ಕಾರ್ಯಕ್ರಮ ಬಂದ ಮೇಲೆ ಮುಖ್ಯೋಪಾಧ್ಯಾಯರೇ ಹಳೆ ವಿದ್ಯಾರ್ಥಿಗಳನ್ನು ಹುಡುಕಿ ಫೋನು ಮಾಡುವುದು ಹೊಸ ಬೆಳವಣಿಗೆ.

ಹೆಮ್ಮೆಯ ನಡುವೆ ಕೂತು ಕಾಡುವ ಸಂಗತಿ ಒಂದಿದೆ. 2025ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ಈ ಊರುಗಳೆಲ್ಲ ಇರುವ ಕಲಬುರಗಿ ಜಿಲ್ಲೆ ರಾಜ್ಯಕ್ಕೆ ಕೊನೆ. ನೂರಕ್ಕೆ ನಲವತ್ತೆರಡರ ಸುಮಾರು ಮಕ್ಕಳಷ್ಟೇ ಪಾಸು. ಶಿಕ್ಷಕರ ಖಾಲಿ ಹುದ್ದೆ, ಗುಳೆ, ಹೊಲದ ಕೆಲಸ, ಕೆಳಗಿನ ತರಗತಿಯಲ್ಲೇ ಓದು–ಬರಹ ಗಟ್ಟಿಯಾಗದಿರುವುದು, ಕಾರಣಗಳನ್ನು ಎಲ್ಲರೂ ಬಲ್ಲರು. ಬಳಗದ ಗುಂಪಿನಲ್ಲಿ ಆ ದಿನ ಬಿಸಿಬಿಸಿ ಚರ್ಚೆ, ಮರುದಿನ ಮತ್ತೆ ಹಳೆಯ ಫೋಟೊ. ಸಂಜೆ ಹೊತ್ತು ಗಣಿತ, ಇಂಗ್ಲಿಷು, ವಿಜ್ಞಾನಕ್ಕೆ ಊರಲ್ಲೇ ಇರುವ ಪದವೀಧರರನ್ನು ಹಚ್ಚಿ ಗೌರವಧನ ಕೊಡುವುದು ಶಾಲುಗಳಿಗಿಂತ ತುಟ್ಟಿಯೇನಲ್ಲ. ಜೂನ್‌ನಿಂದ ಮಾರ್ಚ್ ತನಕ ಬೆನ್ನು ಹತ್ತುವವರು ಊರಲ್ಲಿ ಇರಬೇಕು ಅಷ್ಟೇ. ಹೊರಗಿದ್ದವರ ದುಡ್ಡು, ಊರಲ್ಲಿದ್ದವರ ಹೊತ್ತು ಎರಡೂ ಕೂಡಿದ ಕಡೆ ಇಂಥ ಕೆಲಸ ಗಟ್ಟಿಯಾಗಿ ನೆಲೆ ನಿಂತೀತು. ಬರೀ ದುಡ್ಡು ಬಂದ ಕಡೆ ಸ್ವಾಗತ ಕಮಾನು ಏಳುತ್ತದೆ, ದಾನಿಗಳ ಹೆಸರು ಸಮೇತ.

ಈ ಸಂಘಗಳು ಮುರಿದು ಬೀಳುವುದೂ ವಿಚಿತ್ರ ಕಾರಣಕ್ಕೆ: ಶಾಲೆ ಹುಟ್ಟಿದ ವರ್ಷ ಯಾವುದು? ವಸ್ತಾನಿಯಾ ಕಾಲದಿಂದ ಎಣಿಸಬೇಕೆಂದು ಹಿರಿಯರು, ಹತ್ತನೇ ತರಗತಿ ಶುರುವಾದ ಮೇಲಿನಿಂದ ಎಣಿಸಬೇಕೆಂದು ಆಮೇಲಿನವರು. ಒಬ್ಬರ ಲೆಕ್ಕದಲ್ಲಿ ಅಮೃತ ಮಹೋತ್ಸವ ಮುಗಿದೇ ಹೋಗಿರುತ್ತದೆ, ಇನ್ನೊಬ್ಬರಿಗೆ ಅದು ಬರಬೇಕಾದದ್ದು. ಬಗೆಹರಿಸಬಲ್ಲ ದಾಖಲಾತಿ ಪುಸ್ತಕ ಆಫೀಸಿನ ಕಬ್ಬಿಣದ ಕಪಾಟಿನಲ್ಲಿ ಇರಬಹುದು. ಮೊದಲು ಆ ಕಪಾಟಿನ ಕೀಲಿ ಹುಡುಕಬೇಕು, ಆಮೇಲೆ ಉರ್ದು ಓದುವವರನ್ನು.