ಮೀಸಲು ಬದಲಾದ ಮೇಲೆ: ಗ್ರಾಮ ಪಂಚಾಯಿತಿಯಲ್ಲಿ ಮಹಿಳಾ ನಾಯಕತ್ವದ ಎರಡನೇ ಸರದಿ

ಗ್ರಾಮ ಪಂಚಾಯಿತಿಯ ಮಹಿಳಾ ನಾಯಕತ್ವವನ್ನು ಕುರಿತ ನಮ್ಮ ಅಧ್ಯಯನಗಳು ಬಹುಮಟ್ಟಿಗೆ ಗೆದ್ದ ದಿನದಿಂದ ಹೊರಟು ಅವಧಿ ಮುಗಿದಲ್ಲಿಗೆ ನಿಲ್ಲುತ್ತವೆ. ಸದಸ್ಯೆ ಏನು ಕೆಲಸ ಮಾಡಿದಳು, ಗಂಡ ಎಷ್ಟು ಮೂಗು ತೂರಿಸಿದ ಎಂಬ ಎರಡು ಪ್ರಶ್ನೆಗಳಲ್ಲೇ ಚರ್ಚೆ ಸುತ್ತುತ್ತದೆ. ಮೀಸಲು ಬೇರೆ ವರ್ಗಕ್ಕೆ ಹೋದ ಮೇಲೆ ಆಕೆ ಮತ್ತೆ ನಾಮಪತ್ರ ಸಲ್ಲಿಸಿದಳೇ ಎಂದು ಕೇಳಿದವರು ಕಡಿಮೆ. ಊರಿನ ಮುಂದಾಳುತನ ಬೇರೂರಿದೆಯೋ ಇಲ್ಲವೋ ಎಂಬುದು ಆ ಎರಡನೇ ಸರದಿಯಲ್ಲೇ ತಿಳಿಯುತ್ತದೆ ಎಂಬುದು ಈ ಲೇಖನದ ವಾದ.

ಮಹಿಳಾ ಮೀಸಲಿನ ವಿಷಯದಲ್ಲಿ ಕರ್ನಾಟಕವು ಸಂವಿಧಾನದ 73ನೇ ತಿದ್ದುಪಡಿಗಿಂತ ಮೊದಲೇ ಹೆಜ್ಜೆ ಇಟ್ಟಿತ್ತು. ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಮುತುವರ್ಜಿಯಲ್ಲಿ ರೂಪುಗೊಂಡ 1983ರ ಪಂಚಾಯತ್ ಕಾಯ್ದೆ ಮಹಿಳೆಯರಿಗೆ ಶೇ. 25ರಷ್ಟು ಸ್ಥಾನ ಮೀಸಲಿಟ್ಟಿತು. ಅದರಡಿ 1987ರಲ್ಲಿ ಚುನಾವಣೆ ನಡೆಯಿತು. 1993ರ ಕಾಯ್ದೆಯಲ್ಲಿ ಆ ಪಾಲು ಮೂರನೇ ಒಂದಕ್ಕೆ ಏರಿತು, 2010ರ ತಿದ್ದುಪಡಿಯಿಂದ ಅರ್ಧವಾಯಿತು. ಅಂಕಿಗಳ ಏರಿಕೆಯ ಈ ಕಥೆ ಎಲ್ಲರಿಗೂ ಗೊತ್ತಿರುವುದೇ.

ಮೀಸಲು ತೆಗೆದ ಮೇಲೆ ಏನಾಗುತ್ತದೆ ಎಂಬುದಕ್ಕೆ ಉತ್ತಮ ಸಾಕ್ಷ್ಯ ದೊರೆಯುವುದು ಮುಂಬೈಯಿಂದ. ಅಲ್ಲಿನ ಮಹಾನಗರ ಪಾಲಿಕೆಯ 1997 ಮತ್ತು 2002ರ ಚುನಾವಣೆಗಳನ್ನು ಹೋಲಿಸಿದ ರಿಖಿಲ್ ಭವ್ನಾನಿ, ಹಿಂದಿನ ಸಲ ಮಹಿಳೆಗೆ ಮೀಸಲಾಗಿದ್ದು ಈಗ ಮುಕ್ತವಾದ ವಾರ್ಡುಗಳಲ್ಲಿ ಮಹಿಳೆ ಗೆಲ್ಲುವ ಸಾಧ್ಯತೆ ಉಳಿದ ಮುಕ್ತ ವಾರ್ಡುಗಳಿಗಿಂತ ಸುಮಾರು ಐದು ಪಟ್ಟು ಹೆಚ್ಚಿದ್ದುದನ್ನು 2009ರಲ್ಲಿ ತೋರಿಸಿದರು. ಅದೇ ವರ್ಷ ಲೋರಿ ಬೀಮನ್ ಮತ್ತು ಸಂಗಡಿಗರು ಪಶ್ಚಿಮ ಬಂಗಾಳದ ಪಂಚಾಯಿತಿಗಳ ಅಧ್ಯಯನ ಪ್ರಕಟಿಸಿದರು. ಪ್ರಧಾನ (ಅಧ್ಯಕ್ಷ) ಸ್ಥಾನ ಎರಡು ಸಲ ಮಹಿಳೆಗೆ ಮೀಸಲಾದ ಕಡೆ, ಮುಂದೆ ಮೀಸಲಿಲ್ಲದ ಸ್ಥಾನಗಳಿಗೂ ಹೆಚ್ಚು ಮಹಿಳೆಯರು ನಿಂತು ಗೆದ್ದಿದ್ದರು. ಮುಂಬೈಯಲ್ಲಿ ಒಂದೇ ಅವಧಿ ಸಾಕಾಗಿದ್ದರೂ ಹಳ್ಳಿಯ ಮತದಾರರ ಮನಸ್ಸಿಗೆ ಅಷ್ಟು ಸಾಲದೆಂದು ಬಂಗಾಳದ ಈ ಫಲಿತಾಂಶದಿಂದ ಊಹಿಸಬಹುದು.

ಈ ಫಲಿತಾಂಶಗಳನ್ನು ಹಾಗೆಯೇ ನಮ್ಮ ಹಳ್ಳಿಗೆ ತಂದು ಅಂಟಿಸಲಾಗದು. ಮುಂಬೈ ವಾರ್ಡಿಗೆ ಒಬ್ಬರೇ ಪ್ರತಿನಿಧಿ, ಅದೂ ಬಹುಮಟ್ಟಿಗೆ ಪಕ್ಷದ ಟಿಕೆಟ್ಟಿನ ಮೇಲೆ. ಕರ್ನಾಟಕದ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇಲ್ಲ. ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯರಂತೆ ಲೆಕ್ಕ ಹಾಕುವುದರಿಂದ ಒಂದೇ ಕ್ಷೇತ್ರದಲ್ಲಿ ಎರಡು, ಮೂರು ಸ್ಥಾನಗಳಿರುವುದು ಸಾಮಾನ್ಯ. ಒಂದು ಪರಿಶಿಷ್ಟ ಜಾತಿ ಮಹಿಳೆಗೆ, ಇನ್ನೊಂದು ಹಿಂದುಳಿದ ವರ್ಗಕ್ಕೆ, ಮತ್ತೊಂದು ಸಾಮಾನ್ಯಕ್ಕೆ ಎಂದು ಹಂಚಿಕೆಯಾಗಿರುತ್ತದೆ. ಮಹಿಳಾ ಸ್ಥಾನ ಪಕ್ಕದಲ್ಲೇ ಇರುವಾಗ ಸಾಮಾನ್ಯ ಸ್ಥಾನಕ್ಕೆ ನಿಲ್ಲಹೊರಟವಳಿಗೆ ಎದುರಾಗುವ ಮಾತು ಒಂದೇ: "ನಿಮ್ಮ ಸೀಟು ಅಲ್ಲಿದೆಯಲ್ಲಮ್ಮ, ಇಲ್ಲಿಗ್ಯಾಕೆ?" ಕಾನೂನು ಅಡ್ಡಿ ಮಾಡುವುದಿಲ್ಲ, ಊರು ಮಾಡುತ್ತದೆ. ಮೀಸಲು ಕನಿಷ್ಠ ಮಿತಿಯಾಗಿರಬೇಕಿತ್ತು. ಗರಿಷ್ಠ ಮಿತಿಯಾಗಿ ನಿಂತುಬಿಟ್ಟಿದೆ.

ಹಾಗಾದರೆ ಪಕ್ಷವಿಲ್ಲದ ಕಡೆ ಟಿಕೆಟ್ ಕೊಡುವವರು ಯಾರು? ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1959ರಲ್ಲಿ ರಾಂಪುರ ಎಂಬ ಹಳ್ಳಿಯ ತೀರ್ಮಾನಗಳ ಮೇಲೆ ಪ್ರಬಲ ಜಾತಿಗಿದ್ದ ಹಿಡಿತವನ್ನು ಕುರಿತು ಬರೆದದ್ದು ಇಲ್ಲಿ ಇನ್ನೂ ಉಪಯುಕ್ತ. ರಾಜ್ಯದ ಸಾಂಪ್ರದಾಯಿಕ ನ್ಯಾಯ ಪಂಚಾಯಿತಿಗಳನ್ನು ಅಭ್ಯಸಿಸಿದ ಕೃಪಾ ಅನಂತಪುರ್, ಊರ ಹಿರಿಯರ ಕೂಟವೂ ಚುನಾಯಿತ ಪಂಚಾಯಿತಿಯೂ ಪರಸ್ಪರ ಹೆಣೆದುಕೊಂಡಿರುವುದನ್ನು 2007ರಲ್ಲಿ ವಿವರಿಸಿದರು. ಅವಿರೋಧ ಆಯ್ಕೆ ಎಂಬ ಒಳ್ಳೆಯ ಹೆಸರಿನ ಹಿಂದೆ ಎಷ್ಟೋ ಸಲ ದೇವಸ್ಥಾನದ ಜಗಲಿಯ ತೀರ್ಮಾನವಿರುತ್ತದೆ. 2020ರ ಚುನಾವಣೆಯಲ್ಲಿ ಕೆಲವೆಡೆ ಸ್ಥಾನಗಳನ್ನೇ ಹರಾಜಿಗಿಟ್ಟ ವರದಿಗಳು ಬಂದವು. ಒಬ್ಬಳು ಸದಸ್ಯೆಯಾಗಿ ಐದು ವರ್ಷ ಚೆನ್ನಾಗಿ ದುಡಿದಳೆಂಬುದು ಆ ಜಗಲಿಯಲ್ಲಿ ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ.

ಆ ಜಗಲಿಯನ್ನು ಬದಿಗಿಟ್ಟು ಮುಂದೆ ಹೋಗುವ ದಾರಿಗಳೂ ಇವೆ. 1989ರಲ್ಲಿ ಆರಂಭವಾದ ಮಹಿಳಾ ಸಮಖ್ಯದ ಸಂಘಗಳು, 2000ದ ನಂತರದ ಸ್ತ್ರೀಶಕ್ತಿ ಗುಂಪುಗಳು, ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ), ನರೇಗಾ ಕಾಮಗಾರಿಯಲ್ಲಿ ಕೂಲಿಕಾರರ ಗುಂಪನ್ನು ನಡೆಸುವ ಕಾಯಕ ಬಂಧುವಿನ ಹೊಣೆ ಅಂಥವು. ಕಾಯಕ ಬಂಧು ಮನೆಮನೆಯಿಂದ ಕೆಲಸ ಕೋರುವ ಅರ್ಜಿ, ಅಂದರೆ ನಮೂನೆ 6 ತುಂಬಿಸಿ ಪಂಚಾಯಿತಿಗೆ ಕೊಟ್ಟು ಸ್ವೀಕೃತಿ ಕೇಳಬೇಕು, ಕೂಲಿ ತಡವಾದರೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಮುಂದೆ ನಿಂತು ಮಾತಾಡಬೇಕು. ಮೈಸೂರಿನ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಸಂಸ್ಥೆಯ ತರಬೇತಿಗಿಂತ ಈ ಜಗಳಗಳೇ ಹೆಚ್ಚು ಕಲಿಸುತ್ತವೆ ಎಂಬುದು ನನ್ನ ಅಭಿಪ್ರಾಯ. ತರಬೇತಿ ನಿರರ್ಥಕವೆಂದಲ್ಲ, ಆದರೆ ಸದಸ್ಯರ ತರಬೇತಿ ಸಿಗುವುದು ಗೆದ್ದ ಮೇಲೆ. ಜಗಳ ಗೆಲ್ಲುವ ಮೊದಲೇ ಶುರುವಾಗುತ್ತದೆ. ಎಲ್ಲ ಸಂಘಗಳೂ ಹೀಗಿವೆ ಎನ್ನಲೂ ಆಗದು. ಸಾಲದ ಕಂತು ಕಟ್ಟಿ ಸಹಿ ಹಾಕಿ ಏಳುವ ವಾರದ ಸಭೆಯಿಂದ ಮುಂದಾಳು ಹುಟ್ಟುವುದು ಕಷ್ಟ.

ಅಧ್ಯಕ್ಷ ಸ್ಥಾನದ್ದು ಇನ್ನೊಂದು ತೊಡಕು. 2020ರ ಚುನಾವಣೆಯ ನಂತರ ಅಧ್ಯಕ್ಷರ ಅವಧಿ 30 ತಿಂಗಳು. ಕ್ರಿಯಾಯೋಜನೆ, ಲೆಕ್ಕಪರಿಶೋಧನೆಯ ಆಕ್ಷೇಪಣೆ, ಹಣ ಪಾವತಿಗೆ ಬೇಕಾದ ಡಿಜಿಟಲ್ ಸಹಿಯ ಡಾಂಗಲ್ ಇವೆಲ್ಲ ಅರ್ಥವಾಗುವಷ್ಟರಲ್ಲಿ ಕುರ್ಚಿ ಬೇರೆ ವರ್ಗದ ಪಾಲಾಗಿರುತ್ತದೆ. ಬೀಮನ್ ತಂಡ ಅಭ್ಯಸಿಸಿದ ಬಂಗಾಳದಲ್ಲಿ ಪ್ರಧಾನರಿಗೆ ಐದು ವರ್ಷವಿತ್ತು. ಅದರ ಅರ್ಧದಲ್ಲಿ ಅದೇ ಪರಿಣಾಮ ನಿರೀಕ್ಷಿಸುವುದು ಸರಿಯಲ್ಲ.

ಸಂಶೋಧನೆಗೆ ಬೇಕಾದ ಸಾಮಗ್ರಿ ದೂರದಲ್ಲೇನೂ ಇಲ್ಲ. ಪ್ರತಿ ಚುನಾವಣೆಯಲ್ಲೂ ನಾಮಪತ್ರ ಸಲ್ಲಿಸಿದವರ ಮತ್ತು ಸ್ಪರ್ಧಿಸಿದವರ ಪಟ್ಟಿ ಸಿದ್ಧವಾಗುತ್ತದೆ. ಒಂದೇ ತಾಲ್ಲೂಕಿನ ಎರಡು, ಮೂರು ಚುನಾವಣೆಗಳ ಪಟ್ಟಿ ಪಕ್ಕಪಕ್ಕ ಇಟ್ಟು, ಸಾಮಾನ್ಯ ಸ್ಥಾನದಲ್ಲಿ ಹಳೆಯ ಸದಸ್ಯೆಯರ ಹೆಸರು ಹುಡುಕಬೇಕು. ಗೆದ್ದವರನ್ನಷ್ಟೇ ಅಲ್ಲ, ನಿಂತು ಸೋತವರನ್ನೂ ನಾಮಪತ್ರ ಹಿಂಪಡೆದವರನ್ನೂ ಎಣಿಸಬೇಕು. ಹಿಂಪಡೆದವರ ಮನೆಗೆ ಹೋಗಿ, ಯಾರು ಬಂದು ಹೇಳಿದರು ಎಂದು ಕೇಳುವುದು ಅದರ ನಂತರದ ಕೆಲಸ.