ಗಲ್ಲಾಪೆಟ್ಟಿಗೆಯಿಂದ ಮತಪೆಟ್ಟಿಗೆಗೆ

ಚುನಾವಣೆ ಬಂತೆಂದರೆ ಗಾಂಧಿ ಬಜಾರಿನಲ್ಲಾಗಲಿ, ಮಲ್ಲೇಶ್ವರದ ಎಂಟನೇ ಅಡ್ಡರಸ್ತೆಯಲ್ಲಾಗಲಿ ಒಂದು ದೃಶ್ಯ ತಪ್ಪದೆ ಕಾಣಸಿಗುತ್ತದೆ. ಬೆಳಿಗ್ಗೆ ಒಂದು ಪಕ್ಷದವರು ಬರುತ್ತಾರೆ. ಅಂಗಡಿಯ ಯಜಮಾನ ಎದ್ದು ಕೈಮುಗಿದು ಕರಪತ್ರ ತೆಗೆದುಕೊಳ್ಳುತ್ತಾನೆ. ಸಂಜೆ ಎದುರು ಪಕ್ಷದವರು ಬರುತ್ತಾರೆ. ಅವರಿಗೂ ಅದೇ ನಮಸ್ಕಾರ, ಅದೇ ನಗು. ಅವನ ಮತ ಯಾರಿಗೆಂಬುದು ಪಕ್ಕದ ಅಂಗಡಿಯವನಿಗೂ ತಿಳಿಯದು. ಇದನ್ನು ಅಂಜುಬುರುಕುತನ ಎನ್ನುವಂತಿಲ್ಲ. ವ್ಯಾಪಾರಿಗೆ ಬಾಗಿಲಿಗೆ ಬಂದವರೆಲ್ಲರೂ ಗಿರಾಕಿಗಳೇ. ಯಾರ ಕಡೆಯವನೂ ಅಲ್ಲ ಎಂಬ ಹೆಸರೂ ಅವನ ಬಂಡವಾಳದ ಒಂದು ಭಾಗ.

ಅಂಥವನೇ ಒಂದು ದಿನ ಗಲ್ಲಾಪೆಟ್ಟಿಗೆ ಬಿಟ್ಟೆದ್ದು ವಿಧಾನಸಭೆಗೆ ಉಮೇದುವಾರನಾಗಿ ನಿಂತರೆ? ಅವನು ಪಣಕ್ಕಿಡುವುದು ಠೇವಣಿ ಹಣವನ್ನಷ್ಟೇ ಅಲ್ಲ, ಅಂಗಡಿಯ ಹೆಸರನ್ನೂ. ಶಾಸನಸಭೆಗೂ ವರ್ತಕನಿಗೂ ಇರುವ ಈ ನಂಟಿಗೆ ನಮ್ಮಲ್ಲಿ ನೂರನಲವತ್ತು ವರ್ಷಗಳಿಗೂ ಮಿಕ್ಕಿದ ಇತಿಹಾಸವಿದೆ.

ಆಹ್ವಾನದ ಕಾಲ

1881ರ ಮಾರ್ಚ್‌ನಲ್ಲಿ ಮೈಸೂರು ರಾಜ್ಯದ ಆಡಳಿತ ಮತ್ತೆ ಒಡೆಯರ ಕೈಸೇರಿತು. ಅದೇ ವರ್ಷ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಸ್ಥಾಪಿಸಿದರು. ಪ್ರತಿ ತಾಲ್ಲೂಕಿನಿಂದ ತಿಳಿವಳಿಕೆಯುಳ್ಳ ಒಬ್ಬಿಬ್ಬರು ಸಾಗುವಳಿದಾರರು, ಒಟ್ಟು ಜಿಲ್ಲೆಯ ಪರವಾಗಿ ಮೂರು ನಾಲ್ಕು ಮಂದಿ ಪ್ರಮುಖ ವರ್ತಕರು ಬರಬೇಕು ಎಂಬುದು ಮೊದಲ ಏರ್ಪಾಟು. ಆ ವರ್ಷದ ದಸರಾ ಸಮಯದಲ್ಲಿ, ಅಕ್ಟೋಬರ್ 7ರಂದು, 144 ಮಂದಿ ಸದಸ್ಯರು ಮೈಸೂರಿನಲ್ಲಿ ಸೇರಿದರು. ಬೆಂಗಳೂರಿನಿಂದ ಹೊರಟ ರೈಲು ಮೈಸೂರನ್ನು ಮುಟ್ಟಿದ್ದು ಮರುವರ್ಷ. ಹೀಗಾಗಿ ಮೊದಲ ಸಭೆಗೆ ಹೋದ ಬೆಂಗಳೂರಿನವರು ದಾರಿಯ ಒಂದು ಭಾಗವನ್ನಾದರೂ ಗಾಡಿಯಲ್ಲೇ ಕಳೆಯಬೇಕಾಗಿತ್ತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಆ ವರ್ತಕರು ಸ್ಪರ್ಧಿಸಿ ಹೋದವರಲ್ಲ, ಕರೆಸಿಕೊಂಡು ಹೋದವರು. ಎದುರಾಳಿ ಇರಲಿಲ್ಲ, ಸೋಲೂ ಇರಲಿಲ್ಲ. ಸಭೆಗೆ ಕಾನೂನು ಮಾಡುವ ಅಧಿಕಾರವೂ ಇರಲಿಲ್ಲ. ದಿವಾನರ ವರದಿ ಕೇಳಿ, ತಮ್ಮ ಕಡೆಯ ಕುಂದುಕೊರತೆ ಹೇಳಿಕೊಂಡು ಬರುವುದಷ್ಟೇ ಕೆಲಸ. ಹೋದವನ ಅಂಗಡಿಯ ಗೌರವ ಹೆಚ್ಚಿತೇ ಹೊರತು ಗಿರಾಕಿಗಳು ಕಡಿಮೆಯಾಗುವ ಭಯವಿರಲಿಲ್ಲ.

ಸಭೆಗೆ ಚುನಾವಣೆ ಬಂದದ್ದು 1891ರಲ್ಲಿ. ಆದರೆ ಮತದ ಹಕ್ಕು ಎಲ್ಲರದ್ದಾಗಿರಲಿಲ್ಲ. ಇಂತಿಷ್ಟು ಭೂಕಂದಾಯವನ್ನೋ ಮೊಹತರ್ಫಾವನ್ನೋ ಕಟ್ಟುವವರಿಗೆ ಮುಖ್ಯವಾಗಿ ಆ ಹಕ್ಕು ದೊರೆಯಿತು. ಮೊಹತರ್ಫಾ ಎಂದರೆ ಅಂಗಡಿ, ಮಗ್ಗ, ಗಾಣ ಮುಂತಾದ ಕಸುಬುಗಳ ಮೇಲಿನ ಹಳೆಯ ತೆರಿಗೆ. ಎಂದರೆ ಚಿಕ್ಕಪೇಟೆಯ ದೊಡ್ಡ ಜವಳಿ ವರ್ತಕನಿಗೆ ತೆರಿಗೆಯ ರಸೀದಿಯೇ ರಹದಾರಿ. ಅದೇ ಬೀದಿಯ ಕೊನೆಯಲ್ಲಿ ಗೂಡಂಗಡಿ ಇಟ್ಟುಕೊಂಡವನು ತೆರಿಗೆ ಕಟ್ಟಿಯೂ ಹೊರಗೇ ಉಳಿದ. ಕೋಟೆಯ ಪಶ್ಚಿಮಕ್ಕೆ ಚಾಮರಾಜಪೇಟೆ ಎದ್ದದ್ದು, 1898ರ ಪ್ಲೇಗಿನ ನಂತರ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದದ್ದು ಈ ಕಾಲದಲ್ಲಿ. ಹೊಸ ಬಡಾವಣೆಗಳ ಸಣ್ಣ ಅಂಗಡಿಯವನು ಬಹುಕಾಲ ಪ್ರತಿನಿಧಿಯೂ ಅಲ್ಲ, ಮತದಾರನೂ ಅಲ್ಲ.

1907ರಲ್ಲಿ ನ್ಯಾಯವಿಧಾಯಕ ಸಭೆ ಬಂತು. 1916ರಲ್ಲಿ ಮೈಸೂರು ವಾಣಿಜ್ಯ ಮಂಡಳಿ ಹುಟ್ಟಿತು. 1923ರ ಸುಧಾರಣೆಗಳು ಎರಡೂ ಸಭೆಗಳನ್ನು ಹಿಗ್ಗಿಸಿದವು. ಆದರೆ ಆಸ್ತಿಯೇ ಅರ್ಹತೆ ಎಂಬ ಮೂಲಸೂತ್ರ ಸಡಿಲವಾಯಿತೇ ವಿನಾ ಕಡಿಯಲಿಲ್ಲ.

ಅಚ್ಚುಕೂಟದಿಂದ ವಿಧಾನಸಭೆಗೆ

ಕಡಿದದ್ದು 1952ರಲ್ಲಿ. ವಯಸ್ಕ ಮತದಾನದ ಆ ಮೊದಲ ಮಹಾಚುನಾವಣೆಯಲ್ಲಿ ಪ್ರತಿಯೊಬ್ಬ ಅಭ್ಯರ್ಥಿಗೂ ಅವನ ಚಿಹ್ನೆ ಅಂಟಿಸಿದ ಬೇರೆ ಬೇರೆ ಪೆಟ್ಟಿಗೆ. ಬಸವನಗುಡಿಯಿಂದ ಆಗ ಮೈಸೂರು ವಿಧಾನಸಭೆಗೆ ಗೆದ್ದು ಹೋದವರು ಕಾಂಗ್ರೆಸ್ಸಿನ ಪಿ.ಆರ್. ರಾಮಯ್ಯನವರು, 'ತಾಯಿನಾಡು' ಪತ್ರಿಕೆಯ ಸ್ಥಾಪಕ ಸಂಪಾದಕರು.

ಪತ್ರಿಕೆಯನ್ನು ನಾವು ವ್ಯಾಪಾರವೆಂದು ಎಣಿಸುವುದಿಲ್ಲ. ಆದರೆ ಲೆಕ್ಕದ ಪುಸ್ತಕ ತೆರೆದರೆ ಅಂದಿನ ಕನ್ನಡ ಪತ್ರಿಕೆ ಸಣ್ಣ ಉದ್ಯಮವೇ. ಕಾಗದ ತರಬೇಕು, ಮೊಳೆ ಜೋಡಿಸುವವರಿಗೆ ಸಂಬಳ ಕೊಡಬೇಕು, ಚಂದಾ ಬಾಕಿ ವಸೂಲು ಮಾಡಬೇಕು. ಅದರ ಮೇಲೆ ಸರ್ಕಾರದ ಕಣ್ಣು ಬೇರೆ. 1908ರಲ್ಲಿ ಮೈಸೂರಿನಲ್ಲಿ ಪತ್ರಿಕೆಗಳನ್ನು ಬಿಗಿಹಿಡಿಯುವ ಕಾನೂನು ಬಂದಾಗ, 'ತಾತಯ್ಯ' ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದ್ದನ್ನು ಓದುಗರು ನೆನೆಯಬಹುದು. ಇತರ ವರ್ತಕರಿಗೆ ಪಕ್ಷಾತೀತರಾಗಿರುವುದು ಬಂಡವಾಳವಾದರೆ, ಸ್ವಾತಂತ್ರ್ಯ ಚಳವಳಿಯ ಪತ್ರಕರ್ತನಿಗೆ ಪಕ್ಷ ಹಿಡಿಯುವುದೇ ಕಸುಬು. ರಾಮಯ್ಯನವರಂಥವರು ಪತ್ರಿಕೆಯನ್ನು ಪಣಕ್ಕಿಟ್ಟದ್ದು ಚುನಾವಣೆಗೆ ನಿಂತ ದಿನವಲ್ಲ, ಅದಕ್ಕೆ ಬಹಳ ಮೊದಲೇ. ಮತದಾರರ ಮುಂದೆ ಹೋಗುವಾಗ ಅವರ ಹೆಸರಿನೊಡನೆ ಚಳವಳಿಯ ನೆನಪಿತ್ತು, ಬೆನ್ನಿಗೆ ಕಾಂಗ್ರೆಸ್ಸಿತ್ತು.

ಎರಡೂ ಇಲ್ಲದ ಅಂಗಡಿಯವನ ಪಾಡೇ ಬೇರೆ. ಹಳೆಯ ಬೆಂಗಳೂರಿನ ಈ ಕ್ಷೇತ್ರಗಳು ದೊಡ್ಡ ಹೆಸರುಗಳನ್ನು ಸೆಳೆದವು. 1985ರಲ್ಲಿ ಬಸವನಗುಡಿಯಲ್ಲಿ ರಾಮಕೃಷ್ಣ ಹೆಗಡೆ, 1994ರಲ್ಲಿ ಮಲ್ಲೇಶ್ವರದಲ್ಲಿ ನಟ ಅನಂತನಾಗ್, 2004ರಲ್ಲಿ ಚಾಮರಾಜಪೇಟೆಯಲ್ಲಿ ಎಸ್.ಎಂ. ಕೃಷ್ಣ ಗೆದ್ದರು. ಕೃಷ್ಣ ಅವರು ಮಹಾರಾಷ್ಟ್ರದ ರಾಜ್ಯಪಾಲರಾಗಿ ಹೋದ ಮೇಲೆ 2005ರ ಉಪಚುನಾವಣೆಯಲ್ಲಿ ಗೆದ್ದ ಜಮೀರ್ ಅಹ್ಮದ್ ಖಾನ್ ಬಸ್ ಸಾರಿಗೆ ನಡೆಸುವ ಮನೆತನದವರು. ಅವರ ಬೆನ್ನಿಗೂ ಜನತಾದಳ (ಜಾತ್ಯತೀತ) ಎಂಬ ಪಕ್ಷವಿತ್ತು. ಎರಡು ಬೀದಿಗಳಿಗೆ ಪರಿಚಿತನಾದ ಕಿರಾಣಿ ಅಂಗಡಿಯವನು ಇಡೀ ಕ್ಷೇತ್ರಕ್ಕೆ ಅಪರಿಚಿತ.

ಹೊಸಿಲು ಏರಿದ ಬಗೆ

ಕಾನೂನಿನ ಕಣ್ಣಿನಲ್ಲಿ ಬಾಗಿಲು ತೆರೆದೇ ಇದೆ. ಮತದಾರರ ಪಟ್ಟಿಯಲ್ಲಿ ಹೆಸರಿದ್ದು 25 ವರ್ಷ ತುಂಬಿದ್ದರೆ ಸಾಮಾನ್ಯವಾಗಿ ಯಾರೂ ನಿಲ್ಲಬಹುದು. 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯಲ್ಲಿ ವಿಧಾನಸಭೆಯ ಠೇವಣಿ 250 ರೂಪಾಯಿ. ಅದು ದಶಕಗಳ ಕಾಲ ಬದಲಾಗಲಿಲ್ಲ. ಪರಿಣಾಮವನ್ನು ಕರ್ನಾಟಕವೇ ಕಂಡಿತು. 1985ರಲ್ಲಿ ಬೆಳಗಾವಿ ವಿಧಾನಸಭಾ ಕ್ಷೇತ್ರದಲ್ಲಿ 301 ಮಂದಿ ಕಣದಲ್ಲಿದ್ದರು. 1996ರಲ್ಲಿ ತಮಿಳುನಾಡಿನ ಮೊಡಕುರಿಚಿಯಲ್ಲಿ 1,033 ಮಂದಿ ನಿಂತಾಗ ಮತಪತ್ರವೇ ಪುಸ್ತಕವಾಯಿತು. ಅದೇ ವರ್ಷ ಠೇವಣಿ 5,000 ರೂಪಾಯಿಗೆ ಏರಿತು, ಮುಂದೆ 10,000 ಆಯಿತು. ಪರಿಶಿಷ್ಟರಿಗೆ ಅದರ ಅರ್ಧ. ಪಕ್ಷೇತರನಿಗೆ ಒಬ್ಬರ ಬದಲು ಹತ್ತು ಮಂದಿ ಸೂಚಕರು ಬೇಕೆಂಬ ನಿಯಮವೂ 1996ರದೇ.

ಸೂಚಕರ ಸಹಿ ಸಣ್ಣ ವಿಷಯವೆನಿಸಬಹುದು. ಆದರೆ ಅಂಗಡಿಯವನು ಅದಕ್ಕಾಗಿ ಹೋಗುವುದು ತನ್ನ ಗಿರಾಕಿಗಳ ಮನೆಗೇ. ಸಹಿ ಹಾಕಿದವರು ಯಾರೆಂಬುದು ಬೀದಿಗೆಲ್ಲ ತಿಳಿಯುತ್ತದೆ. ಹಾಕದವರು ಯಾರೆಂಬುದು ಅವನಿಗೆ ತಿಳಿಯುತ್ತದೆ. ಚಲಾವಣೆಯಾದ ಮತಗಳಲ್ಲಿ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬರದಿದ್ದರೆ ಠೇವಣಿ ಹೋಗುತ್ತದೆ. 1,20,000 ಮತ ಬಿದ್ದ ಕ್ಷೇತ್ರದಲ್ಲಿ ಠೇವಣಿ ಉಳಿಸಿಕೊಳ್ಳಲು 20,000ಕ್ಕಿಂತ ಹೆಚ್ಚು ಬೇಕು. ಕಾವೇರಿಯ ದಡದ ಮೆಟ್ಟೂರಿನಲ್ಲಿ ಟೈರ್ ರಿಪೇರಿ ಅಂಗಡಿ ನಡೆಸುವ ಕೆ. ಪದ್ಮರಾಜನ್ 1988ರಿಂದ ಇನ್ನೂರಕ್ಕೂ ಹೆಚ್ಚು ಚುನಾವಣೆಗಳಿಗೆ ನಿಂತು ಸೋತಿದ್ದಾರೆ. 2011ರಲ್ಲಿ ತಮ್ಮೂರ ವಿಧಾನಸಭಾ ಕ್ಷೇತ್ರದಲ್ಲಿ ಆರು ಸಾವಿರಕ್ಕೂ ಹೆಚ್ಚು ಮತ ಬಂದದ್ದೇ ಅವರ ದೊಡ್ಡ ಸಾಧನೆ. ಸೋಲನ್ನೇ ಹವ್ಯಾಸ ಮಾಡಿಕೊಂಡವರಿಗೆ ಸೋಲು ನೋಯಿಸದು. ಒಮ್ಮೆಯೇ ನಿಲ್ಲುವವನ ಮಾತು ಹಾಗಲ್ಲ.

ವ್ಯಾಪಾರಿಗೇ ಮೀಸಲಾದ ಅಡ್ಡಿಯೊಂದಿದೆ. ಸರ್ಕಾರಕ್ಕೆ ಸಾಮಾನು ಪೂರೈಸುವ ಅಥವಾ ಕಾಮಗಾರಿ ಮಾಡಿಕೊಡುವ ಗುತ್ತಿಗೆ ಚಾಲ್ತಿಯಲ್ಲಿದ್ದರೆ ಅವನು ಅನರ್ಹ. ಇದನ್ನು ನಾಡಿಗೆ ತಿಳಿಸಿದ್ದು ಒಂದು ಬೀಡಿ ವ್ಯಾಪಾರ. ಮೊದಲ ಮಹಾಚುನಾವಣೆಯಲ್ಲಿ ಭಂಡಾರಾದಿಂದ ಲೋಕಸಭೆಗೆ ಗೆದ್ದಿದ್ದ ಚತುರ್ಭುಜ ಜಸಾನಿ ಅವರ ಪಾಲುದಾರಿಕೆಯ ಸಂಸ್ಥೆ ಸೈನಿಕರ ಕ್ಯಾಂಟೀನುಗಳಿಗೆ ಬೀಡಿ ಪೂರೈಸುತ್ತಿತ್ತು. 1954ರಲ್ಲಿ ಸುಪ್ರೀಂ ಕೋರ್ಟು ಅವರನ್ನು ಅನರ್ಹರೆಂದಿತು. ನಿಯಮ ನ್ಯಾಯವಾದದ್ದೇ, ಖರೀದಿಸುವವನೂ ಮಾರುವವನೂ ಒಬ್ಬನೇ ಆಗಬಾರದು. ಇಂದಿಗೂ ರಾಜ್ಯ ಸರ್ಕಾರಕ್ಕೆ ಲೇಖನ ಸಾಮಗ್ರಿ ಒದಗಿಸುವ ಅಚ್ಚುಕೂಟದವನು ವಿಧಾನಸಭೆಗೆ ನಾಮಪತ್ರ ಸಲ್ಲಿಸುವ ಮುನ್ನ ಆ ವ್ಯವಹಾರ ಮುಗಿಸಿಕೊಳ್ಳಬೇಕು. ಸೋತರೆ ಹಳೆಯ ಗಿರಾಕಿ ಮತ್ತೆ ಸಿಗುವ ಭರವಸೆಯಿಲ್ಲ.

2003ರಿಂದ ಅಭ್ಯರ್ಥಿ ತನ್ನ ಆಸ್ತಿ, ಸಾಲ ಎಲ್ಲವನ್ನೂ ಪ್ರಮಾಣಪತ್ರದಲ್ಲಿ ಬಹಿರಂಗಪಡಿಸಬೇಕು. ಮತದಾರನಿಗೆ ಇದು ವರ. ಆದರೆ ವ್ಯಾಪಾರಿಯ ಸಾಲದ ಮೊತ್ತ ಸರಕು ಕೊಡುವ ಸಗಟು ವರ್ತಕನ ಕಣ್ಣಿಗೂ ಬೀಳುತ್ತದೆ. ಇನ್ನು ವೆಚ್ಚದ ಮಿತಿ: ಕರ್ನಾಟಕದಲ್ಲಿ 2022ರಿಂದ ಒಬ್ಬ ವಿಧಾನಸಭಾ ಅಭ್ಯರ್ಥಿ 40 ಲಕ್ಷ ರೂಪಾಯಿವರೆಗೆ ಖರ್ಚು ಮಾಡಬಹುದು. ಮಿತಿಯೆಂದು ಕಾನೂನು ಹೇಳುವ ಮೊತ್ತವೇ ಸಣ್ಣ ಅಂಗಡಿಯವನಿಗೆ ಇಡೀ ಬಂಡವಾಳ.

ಹಿಂದೆ ತೆರಿಗೆಯ ರಸೀದಿ ಬಾಗಿಲು ಕಾಯುತ್ತಿತ್ತು. ಇಂದು ಖರ್ಚಿನ ಪಟ್ಟಿ ಕಾಯುತ್ತಿದೆ. ಮೊದಲನೆಯದನ್ನು ಸಂವಿಧಾನ ತೆಗೆದುಹಾಕಿತು, ಎರಡನೆಯದು ಯಾವ ಕಾನೂನಿನಲ್ಲೂ ಅರ್ಹತೆಯೆಂದು ಬರೆದದ್ದಲ್ಲ. ರಂಗಾಚಾರ್ಲು ಅವರ ಏರ್ಪಾಟಿನಲ್ಲಿ ಕೊರತೆಗಳು ಬಹಳ. ಆದರೂ ಪೇಟೆಯ ಕಷ್ಟ ಪೇಟೆಯವನ ಬಾಯಿಂದಲೇ ಕೇಳಬೇಕು ಎಂಬ ವಿವೇಕ ಅದರಲ್ಲಿತ್ತು. ಸೋತ ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದು, ತನಗೆ ಮತ ಹಾಕದವನಿಗೂ ಅದೇ ನಗುಮುಖದಿಂದ ಸಾಮಾನು ತೂಗಿಕೊಡಲು ಅಭ್ಯರ್ಥಿಗೆ ಸಾಧ್ಯವಾಗುವ ದಿನ ಆ ಬಾಗಿಲು ನಿಜಕ್ಕೂ ತೆರೆದಿದೆ ಎನ್ನಬಹುದು.